ಸ್ಟಾಕ್‌ಟನ್ನಿನ ಗುರುದ್ವಾರ, ಬರ್ಕ್ಲಿಯ ವಿದ್ಯಾರ್ಥಿ: ದಲೀಪ್ ಸಿಂಗ್ ಸೌಂದ್



ಆಗಸ್ಟ್ ತಿಂಗಳು ಮುಗಿಯುತ್ತಾ ಬಂತೆಂದರೆ ಮಂದಿರದ ಅಡುಗೆಮನೆಯಲ್ಲಿ ನಮಗೆ ಕೈಗಳು ಸಾಲದಾಗುತ್ತವೆ. ಬೇಸಿಗೆಯುದ್ದಕ್ಕೂ ಶನಿವಾರ ಬೆಳಿಗ್ಗೆ ತರಕಾರಿ ಹೆಚ್ಚುವುದಕ್ಕೆ, ಮಧ್ಯಾಹ್ನ ಬಡಿಸುವುದಕ್ಕೆ, ಹಬ್ಬದ ದಿನ ಪಾರ್ಕಿಂಗ್ ನೋಡಿಕೊಳ್ಳುವುದಕ್ಕೆ ಬರುತ್ತಿದ್ದ ಹುಡುಗ ಹುಡುಗಿಯರು ಬರ್ಕ್ಲಿ, ಡೇವಿಸ್, ಸ್ಯಾನ್ ಡಿಯಾಗೊ ಎಂದು ಗಂಟುಮೂಟೆ ಕಟ್ಟಿ ಹೊರಟುಬಿಡುತ್ತಾರೆ. ಹೋದ ಕಡೆ ಸುಮ್ಮನೆ ಕೂರುವ ಜಾತಿಯೂ ಅಲ್ಲ. ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಯಾವುದೋ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ಮೂರನೆಯದರಲ್ಲಿ ಅಧ್ಯಕ್ಷ. ದೀಪಾವಳಿ ಕಾರ್ಯಕ್ರಮ, ಮನೆಯಿಲ್ಲದವರಿಗೆ ಊಟ, ಚಿಕ್ಕ ಮಕ್ಕಳಿಗೆ ಉಚಿತ ಪಾಠ. ಆಗ ತಂದೆತಾಯಿಯರು ನಮ್ಮ ಬಳಿ ಬಂದು, ತೀರ್ಥ ತೆಗೆದುಕೊಂಡ ಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ ಒಂದು ಮಾತು ಕೇಳುತ್ತಾರೆ. ಸೇವೆ ಒಳ್ಳೆಯದೇ, ಆದರೆ ಸಾಲ ಮಾಡಿ ಕಳಿಸಿದ್ದು ಓದುವುದಕ್ಕಲ್ಲವೇ? ಇದರಿಂದ ಹುಡುಗನ ಮುಂದಿನ ಬದುಕಿಗೆ ಏನಾದರೂ ಉಪಯೋಗವಾದೀತೇ?

ಅದಕ್ಕೆ ಖಡಾಖಂಡಿತ ಉತ್ತರ ಕೊಡುವ ಯೋಗ್ಯತೆ ನಮಗಿಲ್ಲ. ನೂರು ವರ್ಷಗಳ ಹಿಂದೆ ಇದೇ ಬರ್ಕ್ಲಿಯಲ್ಲಿ ಒಂದು ಗುಡಿಯ ಅನ್ನದ ಋಣದಲ್ಲಿ ಓದಿದ, ಓದುತ್ತಲೇ ಸಂಘ ಕಟ್ಟಿ ಊರೂರು ಭಾಷಣ ಮಾಡಿದ ಒಬ್ಬ ವಿದ್ಯಾರ್ಥಿಯ ಕಥೆಯನ್ನಾದರೂ ಹೇಳೋಣವೆಂದು ಈ ಸಂಚಿಕೆಯ ಪುಟಗಳನ್ನು ಮೀಸಲಿಟ್ಟಿದ್ದೇವೆ. ಅವರು ದಲೀಪ್ ಸಿಂಗ್ ಸೌಂದ್. ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಭಾರತೀಯ, ಮೊದಲ ಏಷ್ಯನ್ ಮೂಲದವರು ಎಂದು ಅವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಅಲ್ಲಿಗೆ ಹೋಗುವ ಮುಂಚಿನ ಮೂವತ್ತಾರು ವರ್ಷಗಳ ಸಂಗತಿ ಅಷ್ಟಾಗಿ ಗೊತ್ತಿಲ್ಲ. ನಮಗೆ ಮುಖ್ಯವೆನಿಸಿದ್ದು ಅದೇ.

ಸೌಂದರು ಹುಟ್ಟಿದ್ದು 1899ರ ಸೆಪ್ಟೆಂಬರ್ 20ರಂದು, ಪಂಜಾಬಿನ ಅಮೃತಸರ ಜಿಲ್ಲೆಯ ಛಜ್ಜಲವಡ್ಡಿ ಎಂಬ ಹಳ್ಳಿಯಲ್ಲಿ. ಅನುಕೂಲಸ್ಥ ಸಿಖ್ ಕುಟುಂಬ. ತಂದೆ ನಾಥಾ ಸಿಂಗರಿಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಅವರೂ ಅವರ ಸೋದರರೂ ಸರ್ಕಾರದ ಗುತ್ತಿಗೆ ಕೆಲಸಗಳಲ್ಲಿ ಸಂಪಾದಿಸಿದ ಹಣದಲ್ಲಿ ಊರಿನ ಮಕ್ಕಳಿಗಾಗಿ ಶಾಲೆ ಕಟ್ಟಿಸಿದರು. ನಮ್ಮ ಕಡೆಯೂ ಇಂಥ ಹಿರಿಯರನ್ನು ನಾವು ಕಂಡಿದ್ದೇವೆ. ತಾವು ಹೆಬ್ಬೆಟ್ಟು ಒತ್ತಿ, ಮಕ್ಕಳು ರುಜು ಹಾಕುವುದನ್ನು ನೋಡಿ ಸಂತೋಷಪಟ್ಟವರು. ಹುಡುಗ ಬಾಬಾ ಬಕಾಲಾದ ಶಾಲೆಯಲ್ಲಿ, ಆಮೇಲೆ ಜಮ್ಮುವಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿನಲ್ಲಿ ಓದಿ, 1919ರಲ್ಲಿ ಪಂಜಾಬ್ ವಿಶ್ವವಿದ್ಯಾಲಯದ ಗಣಿತದ ಬಿ.ಎ. ಪದವಿ ಪಡೆದ. ಅದೇ ವರ್ಷದ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದದ್ದು, ಅದೂ ಅವರದೇ ಜಿಲ್ಲೆಯ ಮುಖ್ಯಪಟ್ಟಣದಲ್ಲಿ. ಆ ಕಾಲದ ಪಂಜಾಬಿನ ಕಾಲೇಜು ಹುಡುಗನ ಮನಸ್ಸು ಹೇಗಿದ್ದಿರಬಹುದೆಂದು ನಾವು ಊಹಿಸಬಹುದು. ಗಾಂಧೀಜಿಯವರ ಮಾತಿನಲ್ಲಿ ಅವರಿಗೆ ಆಗಲೇ ನಂಬಿಕೆ ಹುಟ್ಟಿತ್ತು. ಅಬ್ರಹಾಂ ಲಿಂಕನ್ ಮತ್ತು ವುಡ್ರೊ ವಿಲ್ಸನ್ನರ ಭಾಷಣಗಳನ್ನೂ ಓದಿ ಅಮೆರಿಕದ ಕಡೆ ಮನಸ್ಸು ಹರಿದಿತ್ತು.

ಮನೆಯವರಿಗೆ ಹೇಳಿದ ಯೋಜನೆ ಮಾತ್ರ ಬಹಳ ವ್ಯವಹಾರದ್ದು. ಅಮೆರಿಕಕ್ಕೆ ಹೋಗಿ ಹಣ್ಣು ತರಕಾರಿ ಕೆಡದಂತೆ ಡಬ್ಬಿಯಲ್ಲಿ ಕಾಪಿಡುವ ವಿದ್ಯೆ ಕಲಿಯುವುದು, ಎರಡು ಮೂರು ವರ್ಷಗಳಲ್ಲಿ ಹಿಂದಿರುಗಿ ಮಾವಿನ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ ತೆರೆಯುವುದು. ಎರಡು ಮೂರು ವರ್ಷ! ನಮ್ಮಲ್ಲಿ ಎಷ್ಟು ಜನ ಇದೇ ಮಾತು ಹೇಳಿ ಬೆಂಗಳೂರಿನಲ್ಲಿ ವಿಮಾನ ಹತ್ತಿದ್ದೇವೆ ಎಂದು ಕೈ ಎತ್ತಲು ಹೇಳಿದರೆ ಸಭಾಂಗಣದಲ್ಲಿ ಕೆಳಗಿರುವ ಕೈಗಳನ್ನು ಎಣಿಸುವುದೇ ಸುಲಭ.

1920ರಲ್ಲಿ ಸೌಂದರು ಬೊಂಬಾಯಿಯಲ್ಲಿ ಹಡಗು ಹತ್ತಿ, ಇಂಗ್ಲೆಂಡಿನ ಮೂಲಕ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿದು, ರೈಲಿನಲ್ಲಿ ದೇಶ ದಾಟಿ ಬರ್ಕ್ಲಿ ತಲುಪಿದರು. ಇಲ್ಲಿ ಅವರಿಗೆ ನೆಂಟರಿಲ್ಲ, ಇಷ್ಟರಿಲ್ಲ. ಇದ್ದದ್ದು ಒಂದು ಮನೆ. ಸ್ಟಾಕ್‌ಟನ್ನಿನ ಗುರುದ್ವಾರದವರು ಭಾರತದಿಂದ ಬಂದ ವಿದ್ಯಾರ್ಥಿಗಳಿಗಾಗಿ ಬರ್ಕ್ಲಿಯಲ್ಲಿ ನಡೆಸುತ್ತಿದ್ದ, ಬಾಡಿಗೆ ಕೇಳದ ಮನೆ.

ಈ ಮನೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸೌಂದರ ಕಥೆಯ ಬೇರು ಇರುವುದು ಇಲ್ಲಿ.

ಲಿವರ್‌ಮೋರ್ ದಾಟಿ ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳ ನಡುವೆ ಇಳಿದು ಹೋದರೆ ಸ್ಟಾಕ್‌ಟನ್ ಸಿಗುತ್ತದೆ. ಕಳೆದ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ನದೀಮುಖಜ ಭೂಮಿಯಲ್ಲಿ ಆಲೂಗಡ್ಡೆ, ಈರುಳ್ಳಿ, ಆಸ್ಪರಾಗಸ್ ಬೆಳೆಯುವ ಹೊಲಗಳಲ್ಲಿ ಪಂಜಾಬಿ ಕೂಲಿಕಾರರು ದುಡಿಯುತ್ತಿದ್ದರು. ಬಹುಪಾಲು ಜನ ಒಂಟಿ ಗಂಡಸರು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಅವರಲ್ಲಿ ಜ್ವಾಲಾ ಸಿಂಗ್ ಮತ್ತು ವಿಸಾಖಾ ಸಿಂಗ್ ಎಂಬ ಇಬ್ಬರು ಭೂಮಿ ಗುತ್ತಿಗೆ ಹಿಡಿದು ಕೃಷಿಯಲ್ಲಿ ಮುಂದೆ ಬಂದರು. ಜ್ವಾಲಾ ಸಿಂಗರನ್ನು ಜನ ಆಲೂಗಡ್ಡೆಯ ದೊರೆ ಎಂದೇ ಕರೆಯುತ್ತಿದ್ದರು. 1912ರಲ್ಲಿ ಇವರೆಲ್ಲ ಸೇರಿ ಪೆಸಿಫಿಕ್ ಕೋಸ್ಟ್ ಖಾಲ್ಸಾ ದಿವಾನ್ ಸೊಸೈಟಿ ಎಂಬ ಸಂಘ ಸ್ಥಾಪಿಸಿ ಸ್ಟಾಕ್‌ಟನ್ನಿನಲ್ಲಿ ಗುರುದ್ವಾರ ಆರಂಭಿಸಿದರು. ಅಮೆರಿಕದಲ್ಲಿ ಇದೇ ಮೊದಲನೆಯದು. ಆ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ ಹಿಂದೂ, ಮುಸ್ಲಿಂ, ಸಿಖ್ ಎನ್ನದೆ ನಮ್ಮ ದೇಶದವರೆಲ್ಲ ಹಸಿದಾಗ ಹೋಗಿ ಕೂರುತ್ತಿದ್ದ ಪಂಕ್ತಿ ಅಲ್ಲಿನ ಲಂಗರಿನದು.

ಅದೇ 1912ರಲ್ಲಿ ಜ್ವಾಲಾ ಸಿಂಗರು ಇನ್ನೊಂದು ಕೆಲಸ ಮಾಡಿದರು. ಗುರು ಗೋವಿಂದ ಸಿಂಗರ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಟ್ಟು, ಭಾರತದಿಂದ ಪ್ರತಿಭಾವಂತ ಹುಡುಗರನ್ನು ಆರಿಸಿ ಬರ್ಕ್ಲಿಗೆ ಕರೆಸುವ ಏರ್ಪಾಡು. ಆಯ್ಕೆಗೆ ಸಿಖ್ಖರೇ ಆಗಬೇಕೆಂಬ ಕಟ್ಟಳೆಯಿರಲಿಲ್ಲ. ಹಾಗೆ ಬಂದವರಲ್ಲಿ ಒಬ್ಬರು ದೆಹಲಿ ಕಡೆಯ ಗೋವಿಂದ ಬಿಹಾರಿ ಲಾಲ್. ಅವರು ಮುಂದೆ ವಿಜ್ಞಾನ ಪತ್ರಕರ್ತರಾಗಿ 1937ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. ಬೆಳಗಾವಿ ಸೀಮೆಯ ವಾಮನರಾವ್ ಕೊಕಟನೂರರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬರ್ಕ್ಲಿಯಲ್ಲಿ ರಸಾಯನಶಾಸ್ತ್ರ ಓದಿದವರು. ಬರ್ಕ್ಲಿಯ ರಸ್ತೆಗಳಲ್ಲಿ ಕನ್ನಡದ ಕಾಲುಗಳು ಸಿಲಿಕಾನ್ ಬರುವ ಎಷ್ಟೋ ಮುಂಚೆಯೇ ಓಡಾಡಿವೆ ಎಂಬುದು ನಮಗೆ ಸಂತೋಷದ ಸಂಗತಿ.

ನಮ್ಮ ಹಿರಿಯ ಓದುಗರಿಗೆ ವಾರಾನ್ನ ಎಂದರೆ ವಿವರಿಸಬೇಕಾಗಿಲ್ಲ. ಮೈಸೂರು ಬೆಂಗಳೂರುಗಳಲ್ಲಿ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿ, ಮುಂದೆ ದೊಡ್ಡ ಹುದ್ದೆಗಳಿಗೆ ಏರಿದರು. ಸಿದ್ಧಗಂಗೆಯ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟ ದಾಸೋಹವೂ ನಮಗೆ ಗೊತ್ತು. ಸ್ಟಾಕ್‌ಟನ್ನಿನ ಗುರುದ್ವಾರದವರು ಬರ್ಕ್ಲಿಯಲ್ಲಿ ಮಾಡಿದ್ದು ಇದೇ ಜಾತಿಯ ಕೆಲಸ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಕೊಟ್ಟವರೂ ಪರದೇಶಿಗಳೇ. ಮಂಡಿಯೂರಿ ಆಸ್ಪರಾಗಸ್ ಕೊಯ್ದ ಕೂಲಿಯಲ್ಲಿ ಒಂದಿಷ್ಟು ಎತ್ತಿಟ್ಟು, ತಾವು ಎಂದೂ ಮೆಟ್ಟಿಲು ಹತ್ತದ ವಿಶ್ವವಿದ್ಯಾಲಯದಲ್ಲಿ ಯಾರದೋ ಮಕ್ಕಳು ಓದಲೆಂದು ಮನೆ ನಡೆಸಿದರು. ಸೌಂದರು ಬರ್ಕ್ಲಿಗೆ ಬರುವ ಹೊತ್ತಿಗೆ ಜ್ವಾಲಾ ಸಿಂಗರು ಇಲ್ಲಿರಲಿಲ್ಲ. 1914ರಲ್ಲಿ ಗದರ್ ಚಳವಳಿಗಾಗಿ ಸ್ವದೇಶಕ್ಕೆ ಹೊರಟು, ಇಳಿಯುತ್ತಿದ್ದಂತೆ ಬಂಧಿತರಾಗಿ, ಬ್ರಿಟಿಷರ ಸೆರೆಯಲ್ಲಿದ್ದರು. ಅವರು ಹಾಕಿಕೊಟ್ಟ ಪಂಕ್ತಿ ಮಾತ್ರ ನಡೆದೇ ಇತ್ತು.

ಸೌಂದರನ್ನು ಭಕ್ತಶಿರೋಮಣಿಯಾಗಿ ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಅವರು ಪ್ರವಚನ ಮಾಡಿದವರಲ್ಲ. ದೈವಭಕ್ತಿಗಿಂತ ದೇಶಭಕ್ತಿಯೇ ಅವರ ಮಾತಿನಲ್ಲಿ ಹೆಚ್ಚು. ಆದರೆ ಇನ್ನೊಬ್ಬರ ಭಕ್ತಿಯ ಹಣದಲ್ಲಿ ತಲೆಯ ಮೇಲೊಂದು ಸೂರು ಸಿಕ್ಕಿದ್ದನ್ನು ಅವರು ಮರೆಯಲಿಲ್ಲ. ಮುಂದೆ ಆ ಋಣ ತೀರಿಸುವ ಸಂದರ್ಭವೂ ಬಂತು.

ವಿಶ್ವವಿದ್ಯಾಲಯದಲ್ಲಿ ಆಹಾರ ಸಂರಕ್ಷಣೆಯ ಪಾಠಕ್ಕೆ ಸೇರಿದವರು ಬೇಗನೆ ತಮ್ಮ ಹಳೆಯ ಪ್ರೀತಿಯಾದ ಗಣಿತಕ್ಕೆ ಮರಳಿದರು. 1922ರಲ್ಲಿ ಎಂ.ಎ., 1924ರಲ್ಲಿ ಪಿಎಚ್.ಡಿ. ಬೇಸಿಗೆ ರಜೆಯಲ್ಲಿ ಹಣ್ಣು ತರಕಾರಿ ಡಬ್ಬಿ ಕಾರ್ಖಾನೆಗಳಲ್ಲಿ ದುಡಿದು ಓದಿನ ಖರ್ಚು ಹುಟ್ಟಿಸಿಕೊಂಡರು. ಮಾವಿನ ಹಣ್ಣಿನ ಕಾರ್ಖಾನೆಯ ಕನಸಿಗೆ ಅಷ್ಟಾದರೂ ಸಂಬಂಧ ಉಳಿಯಿತು ಎನ್ನಬೇಕು.

ಗಣಿತದ ಸಂಶೋಧನೆಯ ಜೊತೆಗೇ ಅವರು ಹಿಂದುಸ್ತಾನ್ ಅಸೋಸಿಯೇಷನ್ ಆಫ್ ಅಮೆರಿಕದ ಕೆಲಸಕ್ಕೆ ಇಳಿದರು. ಈ ದೇಶದ ನಾನಾ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಘ ಅದು. ಹೊಸದಾಗಿ ಬಂದವರಿಗೆ ದಾರಿ ತೋರಿಸುವುದು, ಒಬ್ಬರಿಗೊಬ್ಬರು ಆಸರೆಯಾಗುವುದು, ಭಾರತದ ವಿಷಯವನ್ನು ಇಲ್ಲಿನ ಜನಕ್ಕೆ ತಿಳಿಸುವುದು ಅದರ ಕೆಲಸ. ಸೌಂದರು ಅದರ ರಾಷ್ಟ್ರೀಯ ಅಧ್ಯಕ್ಷರಾಗಿ ಆರಿಸಿ ಬಂದರು. ಕರೆದ ಕಡೆಗೆಲ್ಲ ಹೋಗಿ ಭಾರತಕ್ಕೆ ಸ್ವಾತಂತ್ರ್ಯ ಏಕೆ ಬೇಕೆಂದು ಮಾತಾಡಿದರು. ಬ್ರಿಟಿಷರ ಪರ ವಾದಿಸುವವರು ಸಿಕ್ಕರೆ ಅವರೊಡನೆ ಚರ್ಚೆಗೆ ನಿಂತರು. ವಿದೇಶಿ ನೆಲದಲ್ಲಿ, ಪರಭಾಷೆಯಲ್ಲಿ, ಒಪ್ಪದ ಜನರ ಮುಂದೆ ಕೋಪ ಮಾಡಿಕೊಳ್ಳದೆ ಮಾತಾಡುವ ಅಭ್ಯಾಸ ಅವರಿಗಾದದ್ದು ಈ ವರ್ಷಗಳಲ್ಲಿ. ಯಾವ ತರಗತಿಯಲ್ಲೂ ಕಲಿಸದ ವಿದ್ಯೆ ಅದು.

ಇಲ್ಲಿ ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಸೌಂದರಿಗಿಂತ ಕೆಲವು ವರ್ಷ ಮುಂಚೆ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಲು ಬಂದು, ಲಾಲಾ ಲಜಪತರಾಯರ ಜೊತೆ ನ್ಯೂಯಾರ್ಕಿನಲ್ಲಿ ಹೋಂರೂಲ್ ಚಳವಳಿಗೆ ದುಡಿದು, 1921ರಲ್ಲಿ ಊರಿಗೆ ಮರಳಿದರು. 1923ರ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ ದೇಶಕ್ಕೆಲ್ಲ ಸ್ವಯಂಸೇವಕರನ್ನು ತಯಾರು ಮಾಡಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಖಾಕಿ ತೊಟ್ಟ ಸ್ವಯಂಸೇವಕರ ಶಿಸ್ತಿನ ಹಿಂದೆ ಇದ್ದವರು ಅವರೇ. ಒಬ್ಬರು ಮರಳಿದರು, ಇನ್ನೊಬ್ಬರು ಇಲ್ಲೇ ಉಳಿದರು. ಯಾರದು ಸರಿ ಎಂದು ತೂಗುವುದು ಇಲ್ಲಿ ಉಳಿದಿರುವ ನಮ್ಮ ಬಾಯಲ್ಲಿ ಅಷ್ಟು ಚೆನ್ನಾಗಿರುವುದಿಲ್ಲ.

ಸೌಂದರು ಪಿಎಚ್.ಡಿ.ಗೆ ಓದುತ್ತಿದ್ದಾಗಲೇ ಒಂದು ಸಿಡಿಲು ಬಡಿಯಿತು. 1923ರ ಫೆಬ್ರವರಿ 19ರಂದು ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆಗಿನ ಕಾನೂನಿನಂತೆ ಪೌರತ್ವ ಪಡೆಯಬಲ್ಲವರು ಬಿಳಿಯರು ಮತ್ತು ಆಫ್ರಿಕನ್ ಮೂಲದವರು ಮಾತ್ರ. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಪೌರತ್ವವಿಲ್ಲ ಎಂಬುದು ತೀರ್ಪು. ಥಿಂದರು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು, ಅದೂ ಲೆಕ್ಕಕ್ಕೆ ಬರಲಿಲ್ಲ. ಈಗಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳತೊಡಗಿತು. ಕ್ಯಾಲಿಫೋರ್ನಿಯಾದಲ್ಲಿ ಪೌರರಾಗಲು ಅರ್ಹರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ಕಾನೂನು 1913ರಿಂದಲೇ ಇತ್ತು. 1920ರಲ್ಲಿ ಅದನ್ನು ಬಿಗಿ ಮಾಡಿ ಗುತ್ತಿಗೆಯನ್ನೂ ತಡೆದಿದ್ದರು. ಥಿಂದ್ ತೀರ್ಪಿನಿಂದ ಆ ಕುಣಿಕೆ ನಮ್ಮವರ ಕೊರಳಿಗೂ ಬಿತ್ತು.

ಹಸಿರು ಕಾರ್ಡಿಗಾಗಿ ವರ್ಷಗಟ್ಟಲೆ ಸರತಿಯಲ್ಲಿ ನಿಂತ ನೋವು ನಮ್ಮ ಅನೇಕ ಕುಟುಂಬಗಳಿಗೆ ಗೊತ್ತು. ಸೌಂದರ ಕಾಲದಲ್ಲಿ ನಿಲ್ಲಲು ಸರತಿಯೇ ಇರಲಿಲ್ಲ.

ಹೀಗೆ ಇಪ್ಪತ್ತೈದರ ಆಸುಪಾಸಿನ ತರುಣ, ಕೈಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಣಿತದ ಡಾಕ್ಟರೇಟು, ಮುಂದೆ ಕೆಲಸವಿಲ್ಲ. ಆ ಬಣ್ಣದ ಮನುಷ್ಯನಿಗೆ ಪಾಠ ಹೇಳುವ ಹುದ್ದೆ ಕೊಡುವವರಿಲ್ಲ. ಊರಿನಿಂದ ಬಾ ಎಂದು ಕರೆ. 1925ರ ಬೇಸಿಗೆಯಲ್ಲಿ ಅವರು ದಕ್ಷಿಣಕ್ಕೆ ಹೊರಟು, ಮೆಕ್ಸಿಕೋ ಗಡಿಯ ಇಂಪೀರಿಯಲ್ ಕಣಿವೆಗೆ ಹೋಗಿ ಹತ್ತಿ ಬಿಡಿಸುವ ಕೂಲಿಗಳ ಮೇಸ್ತ್ರಿಯಾದರು. ಆಮೇಲೆ ತಾವೇ ಲೆಟ್ಯೂಸ್ ಬೆಳೆಯಲು ಹೊರಟರು. ನಮ್ಮ ತಂದೆತಾಯಿಯರ ಪ್ರಶ್ನೆಗೆ ಇಲ್ಲಿಯವರೆಗಿನ ಕಥೆ ಏನು ಉತ್ತರ ಕೊಡುತ್ತದೆ ಎಂದರೆ, ಏನೂ ಇಲ್ಲ. ಓದೂ ಕೈಹಿಡಿಯಲಿಲ್ಲ, ಸಂಘದ ಅಧ್ಯಕ್ಷಗಿರಿಯೂ ಕೈಹಿಡಿಯಲಿಲ್ಲ. ಇಂಪೀರಿಯಲ್ ಕಣಿವೆಯ ಬಿಸಿಲೆಂದರೆ ರಾಯಚೂರಿನ ಬಿಸಿಲನ್ನು ಮೀರಿಸುವಂಥದು. ಆ ಬಿಸಿಲಿನಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅವರು ಮಣ್ಣಿನ ಕೆಲಸ ಮಾಡಿದರು. ಬೆಳೆ ಬಂದ ವರ್ಷ ಬೆಲೆ ಇಲ್ಲ, ಬೆಲೆ ಇದ್ದ ವರ್ಷ ಬೆಳೆ ಇಲ್ಲ. ಅದರ ನಡುವೆ ಮೂವತ್ತರ ದಶಕದ ಮಹಾಕುಸಿತ ಬೇರೆ.

1928ರಲ್ಲಿ ಅವರು ಮೇರಿಯನ್ ಕೋಸಾ ಎಂಬ ಜೆಕ್ ಮೂಲದ ಕುಟುಂಬದ ತರುಣಿಯನ್ನು ಮದುವೆಯಾದರು. ಪೌರತ್ವಕ್ಕೆ ಅರ್ಹನಲ್ಲದ ಪರದೇಶಿಯನ್ನು ಮದುವೆಯಾದ ಹೆಣ್ಣು ತನ್ನ ಪೌರತ್ವವನ್ನೂ ಕಳೆದುಕೊಳ್ಳುವ ಕಾನೂನು ಆಗ ಜಾರಿಯಲ್ಲಿತ್ತು. ಅದನ್ನೂ ಲೆಕ್ಕಿಸದೆ ಕೈಹಿಡಿದ ಈ ಮಹಿಳೆಯ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬೇಕು. ಅವರಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು.

ಗುರುದ್ವಾರದ ಋಣದ ಮಾತು ಹೇಳಿದೆವಲ್ಲ, ಅದು ಇಲ್ಲಿ ಬರುತ್ತದೆ. 1927ರಲ್ಲಿ, ಗಾಂಧೀಜಿಯವರು ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದ್ದ ಅದೇ ವರ್ಷ, ಕ್ಯಾಥರಿನ್ ಮೇಯೊ ಎಂಬ ಅಮೆರಿಕನ್ ಲೇಖಕಿ ಮದರ್ ಇಂಡಿಯಾ ಎಂಬ ಪುಸ್ತಕ ಹೊರತಂದಳು. ಭಾರತದ ಕೊಳಕನ್ನೆಲ್ಲ ಹೆಕ್ಕಿ ಗುಡ್ಡೆ ಹಾಕಿ, ಇಂಥವರು ಸ್ವರಾಜ್ಯಕ್ಕೆ ಯೋಗ್ಯರಲ್ಲ ಎಂದು ತೋರಿಸುವ ಪುಸ್ತಕ. ಅಮೆರಿಕದಲ್ಲಿ ಅದು ಭರ್ಜರಿಯಾಗಿ ಮಾರಾಟವಾಯಿತು. ಹೊಲದಲ್ಲಿ ದುಡಿಯುವ ನಮ್ಮ ಜನರನ್ನು ನೋಡಿ ನೆರೆಯವರು ಮೂಗು ಮುರಿಯುವುದಕ್ಕೆ ಇನ್ನೊಂದು ನೆಪವಾಯಿತು. ಅದಕ್ಕೆ ಉತ್ತರ ಬರೆಯಿಸಬೇಕೆಂದು ಸ್ಟಾಕ್‌ಟನ್ನಿನ ಖಾಲ್ಸಾ ದಿವಾನ್ ಸೊಸೈಟಿ ತೀರ್ಮಾನಿಸಿತು. ಬರೆಯುವವರು ಯಾರು? ತಾವು ಬರ್ಕ್ಲಿಯಲ್ಲಿ ಇಟ್ಟುಕೊಂಡು ಓದಿಸಿದ ಹುಡುಗ, ಈಗ ಲೆಟ್ಯೂಸ್ ಬೆಳೆಯುವ ರೈತ. ಸೌಂದರು ಬರೆದ ಮೈ ಮದರ್ ಇಂಡಿಯಾ 1930ರಲ್ಲಿ ಆ ಸೊಸೈಟಿಯಿಂದಲೇ ಪ್ರಕಟವಾಯಿತು. ನಮ್ಮಲ್ಲಿರುವ ಜಾತಿಪದ್ಧತಿಯಂಥ ವಿಷಯಗಳನ್ನು ಮುಟ್ಟದೆ ತೇಲಿಸಿ ಬಿಟ್ಟ ಪುಸ್ತಕವಲ್ಲ ಅದು. ಸ್ತ್ರೀಯರ ಸ್ಥಿತಿ, ಜಾತಿ, ಗಾಂಧೀಜಿಯ ಚಳವಳಿ, ಬ್ರಿಟಿಷ್ ಆಡಳಿತ, ಎಲ್ಲವನ್ನೂ ಅಮೆರಿಕನ್ ಓದುಗರ ಮುಂದಿಟ್ಟು ವಾದಿಸುತ್ತದೆ. ನಮ್ಮ ಮಂದಿರಗಳಲ್ಲಿ ಸ್ಮರಣ ಸಂಚಿಕೆ ತರುವುದಕ್ಕೇ ಎಷ್ಟು ಒದ್ದಾಡುತ್ತೇವೆಂದು ಬಲ್ಲ ನಮಗೆ, ಹೊಲದ ಕೂಲಿಗಳು ನಡೆಸುತ್ತಿದ್ದ ಒಂದು ಗುಡಿ ಇಂಥ ಪುಸ್ತಕ ಬರೆಯಿಸಿ ಅಚ್ಚು ಹಾಕಿಸಿದ್ದು ಸಣ್ಣ ಮಾತಾಗಿ ಕಾಣುವುದಿಲ್ಲ.

ವಿದ್ಯಾರ್ಥಿ ದಿನಗಳ ಸಂಘಟನೆಯ ಅಭ್ಯಾಸವನ್ನೂ ಅವರು ಬಿಟ್ಟಿರಲಿಲ್ಲ. ಕಣಿವೆಯ ಊರುಗಳ ಕ್ಲಬ್ಬು, ಚರ್ಚು, ಭಾಷಣಕೂಟ ಯಾವುದರಲ್ಲಿ ಕರೆದರೂ ಮಾತಿಗೆ ಸಿದ್ಧ. 1942ರಲ್ಲಿ ಇಂಡಿಯಾ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಸಂಘವನ್ನು ಕಟ್ಟಿ ಅದರ ಅಧ್ಯಕ್ಷರಾದರು. ಉದ್ದೇಶ ಒಂದೇ, ಭಾರತೀಯರಿಗೆ ಪೌರತ್ವದ ಹಕ್ಕು. ನ್ಯೂಯಾರ್ಕಿನಲ್ಲಿ ಜೆ. ಜೆ. ಸಿಂಗ್ ಮುಂತಾದವರು ವಾಷಿಂಗ್ಟನ್ನಿನ ಬಾಗಿಲುಗಳನ್ನು ತಟ್ಟುತ್ತಿದ್ದರೆ, ಇಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಸೌಂದರು ರೈತರಿಂದ ಚಂದಾ ಎತ್ತಿ ಬೆಂಬಲ ಕೂಡಿಸುತ್ತಿದ್ದರು. ಕೊನೆಗೆ 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಲೂಸ್–ಸೆಲ್ಲರ್ ಕಾನೂನಿಗೆ ಸಹಿ ಹಾಕಿದರು. ಭಾರತೀಯರು ಪೌರರಾಗಬಹುದು, ವರ್ಷಕ್ಕೆ 100 ಜನ ವಲಸೆ ಬರಬಹುದು. ನೂರೇ ಜನ! ನಮ್ಮಲ್ಲಿ ಹೆಚ್ಚಿನವರು ಬಂದದ್ದು 1965ರ ಕಾನೂನು ತೆರೆದ ಬಾಗಿಲಿನಿಂದ. ಆ ಬಾಗಿಲಿಗೆ ಮೊದಲು ಸಂದು ಬಿದ್ದದ್ದು 1946ರಲ್ಲಿ.

1949ರ ಡಿಸೆಂಬರ್ 16ರಂದು ಸೌಂದರು ಅಮೆರಿಕದ ಪೌರರಾದರು. ಬಂದು ಇಪ್ಪತ್ತೊಂಬತ್ತು ವರ್ಷವಾಗಿತ್ತು, ವಯಸ್ಸು ಐವತ್ತು.

ಮುಂದಿನದು ವೇಗವಾಗಿ ನಡೆದುಹೋಯಿತು. 1950ರ ನವೆಂಬರಿನಲ್ಲಿ ವೆಸ್ಟ್‌ಮೋರ್ಲೆಂಡ್ ಊರಿನ ನ್ಯಾಯಾಧೀಶ ಸ್ಥಾನಕ್ಕೆ ನಿಂತು ಗೆದ್ದರು. ಆದರೆ ಪೌರರಾಗಿ ಒಂದು ವರ್ಷ ತುಂಬಿಲ್ಲವೆಂದು ಸ್ಥಾನ ಕೊಡಲಿಲ್ಲ. ಕೊರತೆ ಬಿದ್ದದ್ದು ಕೆಲವೇ ವಾರ. ಯಾರಾದರೂ ಆಗಿದ್ದರೆ ಸಾಕಪ್ಪ ಎನ್ನುತ್ತಿದ್ದರು. ಇವರು 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು. ಆ ಚುನಾವಣೆಯ ಸಮಯದಲ್ಲಿ ಊರಿನ ಹೋಟೆಲೊಂದರಲ್ಲಿ ಒಬ್ಬ ಆಸಾಮಿ, ನೀವು ನ್ಯಾಯಾಧೀಶರಾದರೆ ಕೋರ್ಟಿಗೆ ಬರುವವರಿಗೆಲ್ಲ ರುಮಾಲು ನೀವೇ ಕೊಡುತ್ತೀರೋ ಅಥವಾ ನಾವೇ ಕೊಂಡು ತರಬೇಕೋ ಎಂದು ಎಲ್ಲರ ಮುಂದೆ ಅಣಕಿಸಿದನಂತೆ. ತಲೆಯ ಮೇಲೆ ಏನಿದೆ ಎಂಬುದು ತನಗೆ ಬೇಡ, ಒಳಗೆ ಏನಿದೆ ಎಂಬುದಷ್ಟೇ ಸಾಕು ಎಂಬ ಅರ್ಥದ ಉತ್ತರ ಸೌಂದರಿಂದ ನಗುನಗುತ್ತಲೇ ಬಂತು. ಹೋಟೆಲಿನಲ್ಲಿದ್ದವರು ನಕ್ಕು ಅವರ ಕಡೆಯಾದರು. ಬರ್ಕ್ಲಿಯ ಚರ್ಚಾಕೂಟಗಳಲ್ಲಿ ಬಿರುಸು ಮಾತುಗಳನ್ನು ಕೇಳಿ ಕೇಳಿ ಪಳಗಿದ ನಾಲಗೆ ಅದು ಎಂದು ನಮಗನಿಸುತ್ತದೆ.

1956ರಲ್ಲಿ ಅವರು ಡೆಮಾಕ್ರಟಿಕ್ ಪಕ್ಷದಿಂದ ಕಾಂಗ್ರೆಸ್ಸಿಗೆ ನಿಂತರು. ರಿವರ್‌ಸೈಡ್ ಮತ್ತು ಇಂಪೀರಿಯಲ್ ಕೌಂಟಿಗಳ ಕ್ಷೇತ್ರ. ಎದುರಾಳಿ ಸಾಮಾನ್ಯರಲ್ಲ, ಜಗತ್ಪ್ರಸಿದ್ಧ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್. ಹಣ, ಹೆಸರು, ಸ್ವಂತ ವಿಮಾನ ಎಲ್ಲ ಇದ್ದವರು. ಸೌಂದರ ಕಡೆ ಇದ್ದದ್ದು ಕುಟುಂಬ ಮತ್ತು ಸ್ವಯಂಸೇವಕರು. ಹೆಂಡತಿ, ಮಕ್ಕಳು, ಅಳಿಯ, ಸೊಸೆ, ಸ್ನೇಹಿತರು ಮನೆಮನೆ ಬಾಗಿಲು ತಟ್ಟಿದರು. ಕಾಂಗ್ರೆಸ್ ಸದಸ್ಯರಾಗಲು ಏಳು ವರ್ಷದ ಪೌರತ್ವ ಬೇಕು, ಇವರಿಗೆ ಅಷ್ಟಾಗಿಲ್ಲ ಎಂಬ ತಕರಾರೂ ಎದ್ದಿತು. ಗಣಿತದ ಡಾಕ್ಟರರಿಗೆ ಈ ಲೆಕ್ಕ ಕಷ್ಟವೇ? 1957ರ ಜನವರಿ 3ರಂದು ಸಭೆ ಸೇರುವ ಹೊತ್ತಿಗೆ ಏಳು ವರ್ಷದ ಮೇಲೆ ಹದಿನೆಂಟು ದಿನ ಆಗಿತ್ತು. ಗೆದ್ದು ಹೋದರು. ಮತ್ತೆರಡು ಬಾರಿ ಗೆದ್ದು ಒಟ್ಟು ಆರು ವರ್ಷ ಸದಸ್ಯರಾಗಿದ್ದು ವಿದೇಶಾಂಗ ಸಮಿತಿಯಲ್ಲಿ ಕೆಲಸ ಮಾಡಿದರು.

1957ರ ಕೊನೆಯಲ್ಲಿ ಏಷ್ಯಾ ಪ್ರವಾಸದ ಭಾಗವಾಗಿ ಭಾರತಕ್ಕೆ ಹೋದರು. ಮಾವಿನ ಹಣ್ಣಿನ ಡಬ್ಬಿ ಕಾರ್ಖಾನೆ ತೆರೆಯುತ್ತೇನೆಂದು ಹೊರಟ ಹುಡುಗ ಮೂವತ್ತೇಳು ವರ್ಷದ ಮೇಲೆ, ಹೆಂಡತಿ ಮತ್ತು ಮಗಳ ಜೊತೆ ಛಜ್ಜಲವಡ್ಡಿಗೆ ಮರಳಿದ. ತಂದೆಯವರ ಮನೆತನ ಕಟ್ಟಿಸಿದ ಶಾಲೆಯ ಊರು ಅದು. ಊರಿಗೆ ಊರೇ ಎದುರುಗೊಂಡಿತು ಎಂದರೆ ನಮಗೆ ಆಶ್ಚರ್ಯವಾಗುವುದಿಲ್ಲ, ಆದರೆ ಆ ಕ್ಷಣ ಅವರಿಗೆ ಹೇಗಿದ್ದಿರಬಹುದೆಂದು ಯೋಚಿಸಿದರೆ ನಮ್ಮ ಗಂಟಲೂ ಕಟ್ಟುತ್ತದೆ. 1960ರಲ್ಲಿ ಅವರು ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು.

1962ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿಗೆ ಹೋಗುವ ವಿಮಾನದಲ್ಲಿ ಸೌಂದರಿಗೆ ಲಕ್ವ ಹೊಡೆಯಿತು. ನಲವತ್ತು ವರ್ಷ ಮಾತನ್ನೇ ನಂಬಿ ಬದುಕಿದ ಮನುಷ್ಯನ ಮಾತು ನಿಂತುಹೋಯಿತು. ಆಸ್ಪತ್ರೆಯಲ್ಲಿದ್ದುಕೊಂಡೇ ಆ ವರ್ಷದ ಚುನಾವಣೆಯಲ್ಲಿ ಹೆಸರು ಇತ್ತು, ಸೋತರು. ಆಮೇಲಿನ ಹತ್ತು ವರ್ಷ ಮೇರಿಯನ್ ಅವರ ಆರೈಕೆಯಲ್ಲಿ ಕಳೆಯಿತು. 1973ರ ಏಪ್ರಿಲ್ 22ರಂದು ತೀರಿಕೊಂಡರು. 2005ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಊರಿನ ಅಂಚೆ ಕಚೇರಿಗೆ ಅವರ ಹೆಸರಿಟ್ಟರು.

ಸ್ಟಾಕ್‌ಟನ್ನಿನ ಗುರುದ್ವಾರ 2012ರಲ್ಲಿ ನೂರು ವರ್ಷ ಪೂರೈಸಿತು. ನಮ್ಮ ಯುವ ಬಳಗದವರನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂಬ ಆಸೆ ನಮಗಿದೆ. ಬರುವವರು ತಲೆಗೆ ಕಟ್ಟಿಕೊಳ್ಳಲು ಒಂದು ವಸ್ತ್ರ ಇಟ್ಟುಕೊಂಡಿರಿ. ಊಟ ಕಟ್ಟಿಕೊಂಡು ಬರುವುದು ಬೇಡ, ಅಲ್ಲಿ ಪಂಕ್ತಿ ಇರುತ್ತದೆ. ಉಂಡ ಮೇಲೆ ಪಾತ್ರೆ ತೊಳೆಯಲು ಕೈ ಸಾಲದಿದ್ದರೆ ನಮ್ಮ ಹುಡುಗರಿಗೆ ಆ ಕೆಲಸ ಹೊಸದೇನಲ್ಲ.